ಸಮಾಧಿ ಕಲ್ಲಿನಿಂದ ಮನೆತನದ ಬೇರು ಹುಡುಕುವುದು: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನನ್ನ ಮುತ್ತಜ್ಜನ ಸಮಾಧಿ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ನಾನು ಅದನ್ನು ನೋಡಿಲ್ಲ. ಅಪ್ಪ ಹುಡುಗನಾಗಿದ್ದಾಗ ನೋಡಿದ್ದರು. ಅದರ ಮೇಲೆ ಏನು ಬರೆದಿತ್ತು ಎಂದು ಕೇಳಬೇಕು ಅಂತ ನನಗೆ ಅನ್ನಿಸುವ ಹೊತ್ತಿಗೆ ಅಪ್ಪನಿಗೆ ಎರಡೇ ಸಾಲು ನೆನಪಿತ್ತು. ಆ ಎರಡು ಸಾಲು ಹಿಡಿದು ಹೊರಟವನು ಈಗ ಸಾಗರ, ಹೊಸನಗರ, ತೀರ್ಥಹಳ್ಳಿ, ಶಿವಮೊಗ್ಗದ ಸುತ್ತಮುತ್ತ ಬೇರೆಯವರಿಗೂ ಅವರ ಹಿರಿಯರನ್ನು ಹುಡುಕಲು ಜೊತೆಯಾಗುತ್ತೇನೆ. ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ.

ಸಮಾಧಿ ಕಲ್ಲಿನಲ್ಲಿ ಹೆಸರು, ತಾರೀಖು ಬಿಟ್ಟು ಇನ್ನೇನು ಸಿಗುತ್ತದೆ?

ತುಂಬ ಸಿಗುತ್ತದೆ. ಕಲ್ಲಿನ ತಲೆಯಿಂದ ಓದಬೇಡಿ, ಬುಡದಿಂದ ಓದಿ. ಮೇಲೆ ತೀರಿಕೊಂಡವರ ಹೆಸರು ಇರುತ್ತದೆ. ಅದು ನಿಮಗೆ ಮೊದಲೇ ಗೊತ್ತಿರುತ್ತದೆ, ಇಲ್ಲದಿದ್ದರೆ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಕಲ್ಲು ನಿಲ್ಲಿಸಿದವರ ಹೆಸರು ಇರುತ್ತದೆ. ಮಗ, ಅಳಿಯ, ತಮ್ಮನ ಮಕ್ಕಳು, ಕೆಲವು ಸಲ ಕೆಲಸ ಕೊಟ್ಟ ಧಣಿ. ಕಲ್ಲು ನಿಲ್ಲಿಸಿದವರು ಆಗ ಬದುಕಿದ್ದವರು. ಅವರ ಮಕ್ಕಳು ಮೊಮ್ಮಕ್ಕಳು ಇವತ್ತೂ ಎಲ್ಲೋ ಇದ್ದಾರೆ. ಹುಡುಕಾಟ ಮುಂದೆ ಹೋಗುವುದು ಅವರಿಂದ.

ಬುಡದ ಎರಡು ಮೂರು ಇಂಚು ಸಾಮಾನ್ಯವಾಗಿ ಮಣ್ಣಿನಲ್ಲಿ ಹೂತಿರುತ್ತದೆ. ಮಳೆಗೆ ಮಣ್ಣು ಕೊಚ್ಚಿ ಬಂದು ಕೂತಿರುತ್ತದೆ ಅಷ್ಟೇ. ಸಂಬಂಧಪಟ್ಟವರನ್ನು ಕೇಳಿ, ಕೈಯಲ್ಲೇ ಮಣ್ಣು ಸರಿಸಿ ನೋಡಿ.

ಆಮೇಲೆ ಅಕ್ಕಪಕ್ಕದ ಸಮಾಧಿಗಳನ್ನೂ ಓದಿ. ಒಂದೇ ಮನೆಯವರನ್ನು ಹತ್ತಿರ ಹತ್ತಿರ ಮಣ್ಣು ಮಾಡುವುದು ಎಲ್ಲ ಕಡೆ ಇರುವ ಪದ್ಧತಿ. ಬೇರೆ ಮನೆತನದ ಹೆಸರಿನ ಹೆಂಗಸಿನ ಸಮಾಧಿ ನಿಮ್ಮವರ ಸಾಲಿನಲ್ಲಿ ಇದ್ದರೆ ಅದು ಮದುವೆಯಾಗಿ ಹೋದ ಮಗಳೋ, ತವರಿಗೆ ಬಂದು ಉಳಿದ ಅಕ್ಕನೋ ಆಗಿರಬಹುದು. ತಾರೀಖುಗಳನ್ನೂ ಹೋಲಿಸಿ. 1918ರ ಕೊನೆಯ ತಿಂಗಳುಗಳಲ್ಲಿ ಒಂದೇ ಮನೆಯ ಇಬ್ಬರು ಮೂವರು ಹೋಗಿದ್ದರೆ ಇನ್‌ಫ್ಲುಯೆಂಜಾ ಇರಬಹುದೇ ಎಂದು ಯೋಚಿಸಬೇಕು. 1898ರ ನಂತರದ ಕೆಲವು ವರ್ಷ ಪ್ಲೇಗಿನವು. ಮಲೇರಿಯಾ ಅಂತೂ ಮಲೆನಾಡನ್ನು ತಲೆಮಾರುಗಟ್ಟಲೆ ಕಾಡಿತು.

ನಮ್ಮಲ್ಲಿ ಸುಡುತ್ತಾರೆ. ಸಮಾಧಿಯೇ ಇಲ್ಲ. ನಾವೇನು ಮಾಡಬೇಕು?

ನಿಮ್ಮ ಮನೆಯಲ್ಲಿ ಶ್ರಾದ್ಧದ ತಿಥಿ ಗೊತ್ತಿರುತ್ತದೆ. ಮಾಸ, ಪಕ್ಷ, ತಿಥಿ ಮೂರೂ ಕರಾರುವಾಕ್ಕಾಗಿ ಉಳಿದಿರುತ್ತವೆ, ಏಕೆಂದರೆ ಪ್ರತಿ ವರ್ಷ ಅದನ್ನು ಮಾಡುತ್ತಾ ಬಂದಿದ್ದಾರೆ. ಗೊತ್ತಿಲ್ಲದಿರುವುದು ವರ್ಷ ಮಾತ್ರ. ಶ್ರಾದ್ಧದಲ್ಲಿ ತಂದೆ, ಅಜ್ಜ, ಮುತ್ತಜ್ಜ ಮೂರು ತಲೆಮಾರಿನ ಹೆಸರು ಹೇಳುತ್ತಾರೆ. ಅದನ್ನು ಈ ಸಲವೇ ಬರೆದಿಟ್ಟುಕೊಳ್ಳಿ. ನಿಮ್ಮ ಅಜ್ಜ ಹೇಳುತ್ತಿದ್ದ ಹೆಸರುಗಳು ದೊಡ್ಡಪ್ಪನಿಗೆ ನೆನಪಿದ್ದರೆ ಇನ್ನೆರಡು ತಲೆಮಾರು ಹಿಂದೆ ಹೋದಿರಿ. ಪುರೋಹಿತರ ಮನೆಯ ಹಳೆಯ ಪುಸ್ತಕಗಳನ್ನೂ ಕೇಳಿ ನೋಡಿ. ಮನೆಯ ಹಿರಿಯರು ಹರಿದ್ವಾರಕ್ಕೋ ಗಯೆಗೋ ಹೋಗಿದ್ದರೆ ಅಲ್ಲಿನ ಪಂಡರ (ತೀರ್ಥಪುರೋಹಿತರ) ವಹಿಗಳಲ್ಲಿ, ಅಂದರೆ ಲೆಕ್ಕದ ಪುಸ್ತಕಗಳಲ್ಲಿ ಹೆಸರು ಬರೆಸಿರುವ ಸಾಧ್ಯತೆ ಇದೆ.

ಮಹಾಲಯದಲ್ಲಿ, ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಅಜ್ಜಿಯಂದಿರು ಯಾರ್ಯಾರ ಹೆಸರು ಹೇಳುತ್ತಾರೆ ಎಂದು ಕಿವಿಗೊಟ್ಟು ಕೇಳಿ. ಸಣ್ಣ ವಯಸ್ಸಿನಲ್ಲೇ ಹೋದ ಮಕ್ಕಳು, ಮದುವೆಯಾಗದೆ ಉಳಿದವರು ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಎಡೆಯ ಮುಂದೆ ಮಾತ್ರ ಸಿಗುತ್ತಾರೆ.

ಹೆಳವರ ಹತ್ತಿರ ಎಲ್ಲ ಇರುತ್ತದೆ ಅಂತಾರೆ. ನಿಜವಾ?

ಅವರ ಒಕ್ಕಲಿನ ಮನೆತನಗಳ ಮಟ್ಟಿಗೆ ನಿಜ. ಹೆಳವರು ವಂಶಾವಳಿ ಹೇಳುವುದನ್ನೇ ಕಸುಬು ಮಾಡಿಕೊಂಡವರು. ಲಿಂಗಾಯತರು, ಕುರುಬರು, ಒಕ್ಕಲಿಗರು ಹೀಗೆ ಹಲವು ಸಮುದಾಯದ ಮನೆಗಳಿಗೆ ಬರುತ್ತಾರೆ. ಇಂಥ ಊರು ಇಂಥ ಹೆಳವರ ಮನೆಗೆ ಎಂದು ಹಂಚಿಕೆ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಬಂದು, ಜಗಲಿಯಲ್ಲಿ ಕೂತು, ಮೂಲಪುರುಷನಿಂದ ಹಿಡಿದು ಮೊನ್ನೆ ಹುಟ್ಟಿದ ಮಗುವಿನ ತನಕ ಹೇಳುತ್ತಾರೆ. ಹಿಂದೆ ಬಾಯಿಪಾಠ ಇತ್ತು, ಈಗ ಪುಸ್ತಕ ಇಟ್ಟುಕೊಂಡಿರುತ್ತಾರೆ. ಯಾವ ಊರಿಂದ ಯಾವ ಊರಿಗೆ ಮನೆ ಕಿತ್ತುಕೊಂಡು ಬಂದರು ಎಂಬುದೂ ಅದರಲ್ಲಿ ಇರುತ್ತದೆ. ಕಲ್ಲಿಗೆ ಗೊತ್ತಿಲ್ಲದ ವಿಷಯ ಅದು.

ಎರಡು ಮಾತು. ಅವರು ವರ್ಷ ಹೇಳುವುದು ಕಡಿಮೆ, ಹೆಸರಿನ ಸರಣಿ ಹೇಳುತ್ತಾರೆ. ಮತ್ತೆ ಹೆಣ್ಣುಮಕ್ಕಳ ಕವಲು ಅವರ ಲೆಕ್ಕದಲ್ಲಿ ತೆಳು. ಆ ಎರಡನ್ನೂ ನೀವು ಸಮಾಧಿಯಿಂದಲೋ ಬೇರೆ ದಾಖಲೆಯಿಂದಲೋ ತುಂಬಿಕೊಳ್ಳಬೇಕು. ಬಂದವರನ್ನು ಬಾಗಿಲಲ್ಲೇ ಸಾಗಹಾಕಬೇಡಿ. ಅಕ್ಕಿಯೋ ದುಡ್ಡೋ ಕೊಟ್ಟು, ಕೂರಿಸಿ, ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮುಂದಿನ ಸಲ ಅವರ ಮನೆಯ ಹುಡುಗ ಈ ಕಸುಬಿಗೆ ಬರುತ್ತಾನೋ ಇಲ್ಲವೋ.

ಅಡಿಕೆ ತೋಟದ ಮೂಲೆಯಲ್ಲಿ ಸಮಾಧಿ ಇದೆ, ಅಕ್ಷರ ಇಲ್ಲ. ಯಾರದು ಅಂತ ಹೇಗೆ ತಿಳಿಯುವುದು?

ತೋಟದ ಪಹಣಿ ತೆಗೆಸಿ. ಅದಕ್ಕಿಂತ ಹಳೆಯದು ಬೇಕಾದರೆ ಮ್ಯುಟೇಶನ್ ಕೇಳಿ. ಯಾರಿಂದ ಯಾರಿಗೆ, ಯಾವ ಕಾರಣಕ್ಕೆ ಜಮೀನು ಹೋಯಿತು ಎಂದು ಅಲ್ಲಿ ಬರೆದಿರುತ್ತದೆ. ‘ಪೌತಿ’ ಎಂದಿದ್ದರೆ ಹಿಂದಿನ ಖಾತೆದಾರರು ತೀರಿಕೊಂಡ ಮೇಲೆ ವಾರಸುದಾರರಿಗೆ ಬಂತು ಎಂದರ್ಥ. ಇಲ್ಲಿ ಒಂದು ಎಚ್ಚರಿಕೆ. ಗೇಣಿದಾರರಿಗೆ 1974ರ ಭೂಸುಧಾರಣೆ ಕಾಯ್ದೆಯ ತಿದ್ದುಪಡಿಯ ನಂತರ ಭೂಮಿ ಸಿಕ್ಕ ಕಡೆ, ಸಮಾಧಿ ಹಿಂದಿನ ಒಡೆಯರದ್ದೋ ಗೇಣಿ ಮಾಡುತ್ತಿದ್ದವರದ್ದೋ ಎಂದು ಪಹಣಿ ಒಂದೇ ನೋಡಿ ತೀರ್ಮಾನ ಮಾಡಲು ಆಗುವುದಿಲ್ಲ. ಊರಿನ ಹಿರಿಯರನ್ನು ಕೇಳಲೇಬೇಕು.

ಲಿಂಗಾಯತ ಮನೆತನದ ಗದ್ದುಗೆಯಾದರೆ ಲಿಂಗವೋ ನಂದಿಯೋ ಇರಬಹುದು. ಅಕ್ಷರ ಇದ್ದು ‘ಲಿಂಗೈಕ್ಯ’ ಎಂಬ ಪದದ ಮುಂದೆ ತಾರೀಖು ಇದ್ದರೆ ಅದು ತೀರಿಕೊಂಡ ದಿನ.

ಊರಿನ ಸ್ಮಶಾನ ಯಾವ ಸರ್ವೆ ನಂಬರಿನಲ್ಲಿದೆ ಎಂದು ತಿಳಿಯದಿದ್ದರೆ ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸಾಕು, ನಂಬರ್ ತೋರಿಸುತ್ತದೆ.

‘ಆಂಗೀರಸ ಸಂವತ್ಸರ’ ಎಂದಷ್ಟೇ ಬರೆದಿದೆ. ಇಸವಿ ಯಾವುದು?

ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ. ಪ್ರಭವ ಬಂದದ್ದು 1867, 1927, 1987ರಲ್ಲಿ. ಅಲ್ಲಿಂದ ಎಣಿಸಿದರೆ ಆರನೆಯದಾದ ಆಂಗೀರಸ 1872, 1932, 1992. ಇವುಗಳಲ್ಲಿ ಯಾವುದು ಎನ್ನುವುದನ್ನು ಅಕ್ಷರದ ಶೈಲಿ, ಕಲ್ಲಿನ ಹಳಮೆ, ಮಕ್ಕಳ ವಯಸ್ಸು ನೋಡಿ ಹೇಳಬಹುದು. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಹಾಗಾಗಿ ಆಂಗೀರಸದ ಮಾಘ ಮಾಸ ಎಂದರೆ 1932 ಅಲ್ಲ, 1933ರ ಶುರು. ಈ ಒಂದು ವರ್ಷದ ತಪ್ಪು ತುಂಬ ಜನ ಮಾಡುತ್ತಾರೆ.

ಶಕ ವರ್ಷ ಇದ್ದರೆ 78 ಕೂಡಿಸಿ. ಶಕ 1560, ಬಹುಧಾನ್ಯ ಎಂದಿದ್ದರೆ 1638. ಶಕ ಮತ್ತು ಸಂವತ್ಸರ ಎರಡೂ ಇದ್ದಾಗ ಒಂದಕ್ಕೊಂದು ತಾಳೆ ನೋಡಿ. ತಾಳೆಯಾಗದಿದ್ದರೆ ಯಾವುದೋ ಒಂದು ಅಂಕಿಯನ್ನು ನೀವು ತಪ್ಪು ಓದಿದ್ದೀರಿ ಎಂದು ಮೊದಲು ಅನುಮಾನಿಸಿ.

ಹಿಜರಿ ವರ್ಷಕ್ಕೆ ಸುಲಭದ ಲೆಕ್ಕ ಇದೆ. 0.97ರಿಂದ ಗುಣಿಸಿ 622 ಕೂಡಿಸಿ. ಹಿಜರಿ 1320 ಸುಮಾರು 1902 ಆಗುತ್ತದೆ. ಚಂದ್ರನ ವರ್ಷ 354 ದಿನದ್ದಾದ್ದರಿಂದ ಹಿಜರಿಯಲ್ಲಿ 66 ವರ್ಷ ಬದುಕಿದವರಿಗೆ ನಮ್ಮ ಲೆಕ್ಕದಲ್ಲಿ 64. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದವರ ಕಾಗದಗಳಲ್ಲಿ ಕೊಲ್ಲಂ ವರ್ಷ ಕಂಡರೆ 825 ಕೂಡಿಸಿ, ಒಂದು ವರ್ಷ ಆಚೀಚೆ ಇರಲಿ.

ಕನ್ನಡ ಅಂಕಿಯ ಬಗ್ಗೆ ಒಂದು ಮಾತು. ೬ ಮತ್ತು ೯ ಪಾಚಿ ಹಿಡಿದ ಕಲ್ಲಿನಲ್ಲಿ ಒಂದೇ ಥರ ಕಾಣುತ್ತವೆ. ನಾನು ೧೮೬೬ ಅನ್ನು ೧೮೯೬ ಎಂದು ಓದಿ ಅಣ್ಣ ತಮ್ಮಂದಿರನ್ನು ತಂದೆ ಮಗ ಎಂದು ಬರೆದುಕೊಂಡಿದ್ದೆ. ಅದನ್ನು ಸರಿಮಾಡಲು ಒಂದು ವರ್ಷ ಬೇಕಾಯಿತು.

ಅಕ್ಷರ ಸವೆದಿದೆ. ಸೀಮೆಸುಣ್ಣ ಹಚ್ಚಿ ಓದಬಹುದಾ?

ಬೇಡ. ಸೀಮೆಸುಣ್ಣ, ಹಿಟ್ಟು, ಸುಣ್ಣ, ಆಸಿಡ್, ತಂತಿ ಬ್ರಷ್ ಯಾವುದೂ ಬೇಡ. ಜಂಬಿಟ್ಟಿಗೆ ಕಲ್ಲಿನಲ್ಲಿ ಕೆತ್ತಿದ ಅಕ್ಷರ ಬೆರಳಿನಲ್ಲಿ ಉಜ್ಜಿದರೂ ಉದುರುತ್ತದೆ. ಬಳಪದ ಕಲ್ಲು ಮೃದು, ಗೀರು ಬಿದ್ದರೆ ಹೋಗುವುದಿಲ್ಲ. ಕರಿಕಲ್ಲು ಗಟ್ಟಿಯಾದರೂ ಅದರ ಮೇಲಿನ ಪಾಚಿಯನ್ನು ಕೆರೆದರೆ ಅಕ್ಷರದ ಅಂಚೂ ಜೊತೆಗೆ ಬರುತ್ತದೆ.

ಬೇಕಾದದ್ದು ಬೆಳಕು. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಅಡ್ಡಲಾಗಿ ಬೀಳುವಾಗ ಹೋಗಿ. ಮಧ್ಯಾಹ್ನ ಖಾಲಿ ಕಾಣುವ ಕಲ್ಲು ಸಂಜೆ ಐದಕ್ಕೆ ಪೂರ್ತಿ ಓದಲು ಬರುತ್ತದೆ. ಮರದ ನೆರಳಿದ್ದರೆ ಒಬ್ಬರು ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಕಲ್ಲಿನ ಮೇಲೆ ಬಿಡಿ. ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಕಲ್ಲಿಗೆ ತಾಗಿಸಿದ ಹಾಗೆ ಬದಿಯಿಂದ ಹಿಡಿದು, ಇನ್ನೊಂದು ಫೋನಿನಲ್ಲಿ ಫೋಟೋ ತೆಗೆಯಿರಿ. ನಾಲ್ಕೂ ಬದಿಯಿಂದ ಒಂದೊಂದು. ಧೂಳಿದ್ದರೆ ಬರೀ ನೀರು, ಮೆತ್ತನೆ ಬ್ರಷ್. ಓದಲು ಬಾರದ ಅಕ್ಷರದ ಜಾಗದಲ್ಲಿ ಊಹೆ ತುಂಬಬೇಡಿ, ಚುಕ್ಕಿ ಹಾಕಿ. ನಿಮ್ಮ ಊಹೆ ಇನ್ನೊಬ್ಬರ ಪುಸ್ತಕದಲ್ಲಿ ಸತ್ಯವಾಗಿ ಕೂತುಬಿಡುತ್ತದೆ.

ಯಾವ ತಿಂಗಳು ಹೋಗುವುದು ಒಳ್ಳೆಯದು?

ಡಿಸೆಂಬರಿನಿಂದ ಫೆಬ್ರವರಿ. ಮಳೆಗಾಲದಲ್ಲಿ ಕಲ್ಲೂ ಕಾಣುವುದಿಲ್ಲ, ಉಂಬಳವೂ ಬಿಡುವುದಿಲ್ಲ. ಆದರೆ ಒಣ ತಿಂಗಳುಗಳು ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಅದು, ಉಣುಗಿನಿಂದ ಬರುತ್ತದೆ. ಕಾಡಂಚಿನ ಸ್ಮಶಾನಕ್ಕೆ ಹೋಗುವಾಗ ಮೈ ಮುಚ್ಚುವ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಒಣ ಎಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ತಕ್ಷಣ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಸತ್ತಿರುವ ಮಂಗ ಕಂಡ ಕಡೆ ಆ ವರ್ಷ ಹೋಗಲೇಬೇಡಿ.

ಚರ್ಚಿನ ಸಿಮಿಟ್ರಿಯಲ್ಲಿ ನಮ್ಮ ಮುತ್ತಜ್ಜಿಯ ಸಮಾಧಿ ಕಾಣಿಸುತ್ತಿಲ್ಲ. ಅಲ್ಲೇ ಮಣ್ಣು ಮಾಡಿದ್ದು ಖಂಡಿತ.

ಜಾಗ ಕಡಿಮೆ ಇರುವ ಸಿಮಿಟ್ರಿಯಲ್ಲಿ ಕೆಲವು ವರ್ಷದ ಮೇಲೆ ಅದೇ ಗುಂಡಿಯಲ್ಲಿ ಇನ್ನೊಬ್ಬರನ್ನು ಮಣ್ಣು ಮಾಡುತ್ತಾರೆ. ಬಡವರ ಸಮಾಧಿಗೆ ಮರದ ಶಿಲುಬೆ ಮಾತ್ರ ಇರುತ್ತಿತ್ತು. ಮಲೆನಾಡಿನ ಮಳೆಗೆ ಅದು ಎಷ್ಟು ವರ್ಷ ನಿಂತೀತು? ಕಲ್ಲು ಇಲ್ಲದಿದ್ದರೂ ಚರ್ಚಿನ ರಿಜಿಸ್ಟರಿನಲ್ಲಿ ಸಾಲು ಇರುತ್ತದೆ. ಹೆಸರು, ವಯಸ್ಸು, ತಾರೀಖು, ಕೆಲವು ಸಲ ಸಾವಿನ ಕಾರಣ. ಗುರುಗಳಿಗೆ ಮೊದಲೇ ತಿಳಿಸಿ, ವರ್ಷದ ಅಂದಾಜು ಕೊಟ್ಟು ಕೇಳಿ. ಭಾನುವಾರ ಪೂಜೆ ಮುಗಿದ ಗದ್ದಲದಲ್ಲಿ ಕೇಳಬೇಡಿ.

ಕಥೋಲಿಕ ಚರ್ಚುಗಳ ಹಳೆಯ ರಿಜಿಸ್ಟರ್ ಲ್ಯಾಟಿನ್ನಿನಲ್ಲಿ ಇರಬಹುದು. ಮನೆಯಲ್ಲಿ ಜುವಾಂವ್ ಎಂದು ಕರೆಯುತ್ತಿದ್ದವರು ಅಲ್ಲಿ ಜೊಆನ್ನೆಸ್ ಆಗಿರುತ್ತಾರೆ. ಶಿವಮೊಗ್ಗ ಧರ್ಮಪ್ರಾಂತ್ಯ ಆದದ್ದು 1988ರಲ್ಲಿ, ಭದ್ರಾವತಿಯ ಸೀರೊ ಮಲಬಾರ್ ಧರ್ಮಪ್ರಾಂತ್ಯ 2007ರಲ್ಲಿ. ಅದಕ್ಕೂ ಹಿಂದಿನ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಿಗೆ ಬಿಷಪ್ ಹೌಸಿಗಿಂತ ಮೊದಲು ಆಯಾ ಚರ್ಚಿನಲ್ಲೇ ಕೇಳಿ. ವೆಸ್ಲಿಯನ್ ಮಿಷನ್ನಿನ ಚರ್ಚುಗಳು 1947ರಲ್ಲಿ ಸಿಎಸ್ಐಗೆ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವು, ಅವರ ಹಳೆಯ ದಾಖಲೆಯನ್ನು ಅಲ್ಲಿ ಕೇಳಬೇಕು.

ಘಟ್ಟದ ಕೆಳಗಿನಿಂದ ಕಾಫಿ ತೋಟಕ್ಕೆ ಬಂದ ಕೊಂಕಣಿ ಮನೆತನವಾದರೆ, ಇಲ್ಲಿನ ಪುಸ್ತಕದಲ್ಲಿ ಮೂಲ ಚರ್ಚಿನ ಹೆಸರು ಸಿಕ್ಕ ಕೂಡಲೇ ಅರ್ಧ ಕೆಲಸ ಮುಗಿಯಿತು. ಮುಂದಿನದು ದಕ್ಷಿಣ ಕನ್ನಡದಲ್ಲಿ.

ಶಿಲುಬೆಯ ತಲೆಯ ಮೇಲಿರುವ ನಾಲ್ಕು ಲ್ಯಾಟಿನ್ ಅಕ್ಷರಗಳನ್ನು ತೀರಿಕೊಂಡವರ ಇನಿಷಿಯಲ್ ಎಂದು ಬರೆದುಕೊಂಡು ಬಂದವರಿದ್ದಾರೆ. ಅದು ‘ನಜರೇತಿನ ಯೇಸು, ಯೆಹೂದ್ಯರ ಅರಸ’ ಎಂಬುದರ ಮೊದಲಕ್ಷರಗಳು.

ನವೆಂಬರ್ 2ರಂದು ಹೋಗಿ ನೋಡಿ. ಸಕಲ ಮೃತರ ದಿನ. ಆ ಸಂಜೆ ಮನೆಯವರು ಸಮಾಧಿ ತೊಳೆದು ಮೊಂಬತ್ತಿ ಹಚ್ಚುತ್ತಾರೆ. ನೀವು ಹುಡುಕುತ್ತಿರುವ ಸಮಾಧಿಯ ಪಕ್ಕ ಯಾರು ನಿಂತಿದ್ದಾರೋ ಅವರನ್ನು ಮಾತಾಡಿಸಿ.

ಖಬರಸ್ತಾನದಲ್ಲಿ?

ಜಮಾತಿನವರನ್ನು ಕೇಳಿಕೊಂಡು ಹೋಗಿ. ಹೆಚ್ಚಿನ ಗೋರಿಗಳಿಗೆ ಬರಹ ಇರುವುದಿಲ್ಲ. ಇದ್ದ ಕಡೆ ಉರ್ದು, ಪಾರ್ಸಿ, ಅರಬ್ಬಿ. ‘ಬಿನ್’ ಎಂದರೆ ಇಂಥವರ ಮಗ, ‘ಬಿಂತ್’ ಎಂದರೆ ಮಗಳು, ‘ವಫಾತ್’ನ ಮುಂದೆ ತೀರಿಕೊಂಡ ತಾರೀಖು. ಶಬೇ ಬರಾತ್ ರಾತ್ರಿ ಮನೆಯವರು ಬರುತ್ತಾರೆ, ಆಗ ವಿಚಾರಿಸುವುದು ಸುಲಭ.

ಪಹಣಿಯಲ್ಲೂ ‘ಬಿನ್’, ‘ಕೋಂ’ ಎಂದಿದೆಯಲ್ಲ?

ಅದೇ ಬಿನ್. ‘ತಿಮ್ಮಪ್ಪ ಬಿನ್ ಹುಚ್ಚಪ್ಪ’ ಎಂದರೆ ಹುಚ್ಚಪ್ಪನ ಮಗ ತಿಮ್ಮಪ್ಪ. ‘ಗೌರಮ್ಮ ಕೋಂ ತಿಮ್ಮಪ್ಪ’ ಎಂದರೆ ತಿಮ್ಮಪ್ಪನ ಹೆಂಡತಿ. ಜಾತಿ ಧರ್ಮ ಯಾವುದಾದರೂ ಕಂದಾಯದ ಕಾಗದದಲ್ಲಿ ಹೀಗೇ ಬರೆಯುತ್ತಿದ್ದರು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುತ್ತಾರೆ. ಹುಚ್ಚಪ್ಪ, ತಿಮ್ಮಪ್ಪ, ಮತ್ತೆ ಹುಚ್ಚಪ್ಪ. ಯಾವ ಹುಚ್ಚಪ್ಪ ಎಂದು ಗೊತ್ತಾಗುವುದು ಬಿನ್‌ನಿಂದಲೇ. ಹಾಗಾಗಿ ಹೆಸರನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ.

ಬ್ರಿಟಿಷರ ಕಾಲದ ಇಂಗ್ಲಿಷ್ ಸಮಾಧಿಗಳ ದಾಖಲೆ ಎಲ್ಲಿದೆ?

ಆಗಿನ ಪಾದ್ರಿಗಳು ಜ್ಞಾನಸ್ನಾನ, ಮದುವೆ, ಸಮಾಧಿಯ ಪ್ರತಿ ತೆಗೆದು ಮೇಲಕ್ಕೆ ಕಳಿಸುತ್ತಿದ್ದರು. ಅವು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮೈಸೂರು ಸೀಮೆಯವನ್ನು ಮದ್ರಾಸ್ ವಿಭಾಗದಲ್ಲಿ ಹುಡುಕಿ. ಫಿಬಿಸ್ ಎಂಬ ಸಂಘದವರ ಹುಡುಕು ಪಟ್ಟಿ ಆನ್‌ಲೈನಿನಲ್ಲಿ ಇದೆ. ತೋಟದಲ್ಲಿ ಕೆಲಸ ಮಾಡಿದ ಸ್ಥಳೀಯರ ಮನೆಯವರಿಗೂ ಇಂಥ ಸಮಾಧಿ ಉಪಯೋಗಕ್ಕೆ ಬರುತ್ತದೆ. ಧಣಿ ಯಾವ ವರ್ಷದಿಂದ ಯಾವ ವರ್ಷದವರೆಗೆ ಅಲ್ಲಿದ್ದ ಎಂದು ಗೊತ್ತಾದರೆ ‘ಅಜ್ಜ ಆ ದೊರೆಯ ಕಾಲದಲ್ಲಿ ಬಂದವರು’ ಎಂಬ ಮಾತಿಗೆ ಇಸವಿ ಸಿಗುತ್ತದೆ.

ಊರಲ್ಲಿ ವೀರಗಲ್ಲು ಇದೆ. ನಮ್ಮ ವಂಶದವರದ್ದು ಅಂತಾರೆ. ಸಾಬೀತು ಮಾಡಬಹುದಾ?

ಬಹುಮಟ್ಟಿಗೆ ಆಗುವುದಿಲ್ಲ. ಕೇಳಿದವರಿಗೆ ಬೇಸರ ಆಗುತ್ತದೆ, ಆದರೂ ಇದ್ದದ್ದು ಹೇಳಬೇಕಲ್ಲ. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು ಕರೆದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ, ಸೂರ್ಯ ಚಂದ್ರ. ಬರಹ ಇದ್ದರೆ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ ಇರುತ್ತದೆ. ದನ ಹೊಡೆದುಕೊಂಡು ಹೋದವರ ಜೊತೆ ಕಾದಿ ಸತ್ತ ತುರುಗೋಳಿನ ವೀರರು ಅದರಲ್ಲಿ ತುಂಬ ಜನ. ವೀರನ ಹೆಸರು, ತಂದೆಯ ಹೆಸರು ಇರಬಹುದು. ಆದರೆ 800 ವರ್ಷ ಹಿಂದಿನ ಆ ಹೆಸರಿಗೂ ಇವತ್ತಿನ ಮನೆಗೂ ನಡುವೆ ಹತ್ತಾರು ತಲೆಮಾರಿನ ಖಾಲಿ ಜಾಗ ಇದೆ.

ಊರಿನ ಚರಿತ್ರೆಗೆ ಮಾತ್ರ ಅದು ಬಂಗಾರ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಗ್ರಹದ 7ನೇ ಸಂಪುಟ 1902ರಲ್ಲಿ, 8ನೇ ಸಂಪುಟ 1904ರಲ್ಲಿ ಬಂದವು. ಎರಡೂ ಶಿವಮೊಗ್ಗ ಜಿಲ್ಲೆಯವು. ತಾಲ್ಲೂಕು, ಊರು, ನಂಬರ್ ಪ್ರಕಾರ ಜೋಡಿಸಿದ್ದಾರೆ. ಸೊರಬ, ಸಾಗರ, ನಗರ, ತೀರ್ಥಹಳ್ಳಿ 8ರಲ್ಲಿ. ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ 7ರಲ್ಲಿ. ನಿಮ್ಮ ಊರಿನ ಕಲ್ಲು ಆಗಲೇ ಓದಿಯಾಗಿದೆಯಾ ಎಂದು ಮೊದಲು ಅಲ್ಲಿ ನೋಡಿ. ವೀರಗಲ್ಲು, ಮಾಸ್ತಿಕಲ್ಲು ಹೇಗಿರುತ್ತವೆ ಎಂದು ಹತ್ತಿರದಿಂದ ನೋಡಲು ಶಿವಮೊಗ್ಗದ ಶಿವಪ್ಪನಾಯಕನ ಅರಮನೆಯ ಅಂಗಳಕ್ಕೆ ಹೋಗಿ. ಜೈನ ಮನೆತನದವರು ಹುಂಚದ ನಿಷಿಧಿ ಕಲ್ಲುಗಳನ್ನು ನೋಡಬೇಕು. ಸಲ್ಲೇಖನ (ಉಪವಾಸದ ವ್ರತ) ಮಾಡಿ ದೇಹ ಬಿಟ್ಟವರ ನೆನಪಿನವು ಅವು, ಗುರುವಿನ ಹೆಸರೂ ಸಿಗುತ್ತದೆ.

ಕಲ್ಲಿಗೆ ಪೂಜೆ ನಡೆಯುತ್ತಿದ್ದರೆ ಅರಿಶಿನ, ಎಣ್ಣೆ ಒರೆಸಿ ಓದಲು ಹೋಗಬೇಡಿ.

ಹಳೆಯ ಕಾಗದದಲ್ಲಿ ‘ನಗರ ತಾಲ್ಲೂಕು’ ಎಂದಿದೆ. ಅದೆಲ್ಲಿ?

ಈಗಿನ ಹೊಸನಗರ ತಾಲ್ಲೂಕು. ಬಿದನೂರು, ಹೈದರನಗರ, ನಗರ ಎಲ್ಲ ಒಂದೇ ಊರಿನ ಹೆಸರು. ‘ಕಡೂರು ಜಿಲ್ಲೆ’ ಎಂದರೆ ಈಗಿನ ಚಿಕ್ಕಮಗಳೂರು. ಹೊನ್ನಾಳಿ, ಚನ್ನಗಿರಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋದವು.

ಕಲ್ಲಿನ ತಾರೀಖು ಒಂದು, ಸರ್ಕಾರಿ ದಾಖಲೆಯದು ಇನ್ನೊಂದು. ಯಾವುದನ್ನು ನಂಬಬೇಕು?

ಯಾವುದು ಸಾವಿಗೆ ಹತ್ತಿರದ ದಿನ ಬರೆದದ್ದೋ ಅದನ್ನು. ಕಲ್ಲನ್ನು ಕೈಯಲ್ಲಿ ದುಡ್ಡು ಬಂದ ಮೇಲೆ, ಹತ್ತು ಹದಿನೈದು ವರ್ಷ ಕಳೆದು ನಿಲ್ಲಿಸಿದ್ದು ಜಾಸ್ತಿ. ಆಗ ನೆನಪಿನಿಂದ ಬರೆಸುತ್ತಾರೆ. ವಯಸ್ಸು 60, 70, 80 ಎಂದು ದುಂಡಗೆ ಇದ್ದರೆ ಅಂದಾಜು ಎಂದುಕೊಳ್ಳಿ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕಿಂತ ಹಿಂದಿನ ಹಳ್ಳಿಯ ಪುಸ್ತಕಗಳನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಒಂದು ಕಚೇರಿಯಿಂದ ನನ್ನನ್ನು ಮೂರು ಸಲ ವಾಪಸ್ ಕಳಿಸಿದ್ದರು. ನಾಲ್ಕನೇ ಸಲ ಊರು, ವರ್ಷ, ತಂದೆಯ ಹೆಸರು ಬರೆದು ಅರ್ಜಿ ಕೊಟ್ಟೆ, ಸಿಕ್ಕಿತು.

ಬೇರೆಯವರ ಸಮಾಧಿಯ ಫೋಟೋ ಎಲ್ಲರಿಗೂ ಕಳಿಸಬಹುದಾ?

ಇತ್ತೀಚಿನ ಸಮಾಧಿಯಾದರೆ ಮನೆಯವರನ್ನು ಕೇಳದೆ ಕಳಿಸಬೇಡಿ. ಹಳೆಯದಾದರೂ ಮೊದಲ ಪ್ರತಿ ಮನೆಯವರಿಗೆ ಕೊಡಿ. ಫೋಟೋದ ಜೊತೆ ಊರು, ಜಾಗ, ತೆಗೆದ ದಿನ ಬರೆದಿಡಿ.

ನಮ್ಮ ಊರೇ ಮುಳುಗಡೆಯಾಯಿತು. ಇನ್ನೇನು ಉಳಿದಿದೆ?

ಇದು ನನ್ನದೇ ಪ್ರಶ್ನೆ. 1948ರ ಹಿರೇಭಾಸ್ಕರ ಅಣೆಕಟ್ಟು, ಆಮೇಲೆ 1964ರ ಲಿಂಗನಮಕ್ಕಿ. ಶರಾವತಿ ಕೊಳ್ಳದ ಊರುಗಳ ಮನೆ, ತೋಟ, ದೇವಸ್ಥಾನದ ಜೊತೆ ಸಮಾಧಿಗಳೂ ನೀರಿಗೆ ಹೋದವು. ದೇವರನ್ನು ಎತ್ತಿಕೊಂಡು ಬಂದ ಮನೆಗಳಿವೆ. ಹಿರಿಯರನ್ನು ಎತ್ತಿಕೊಂಡು ಬರಲು ಆಗಲಿಲ್ಲ.

ಉಳಿದಿರುವುದು ಇವು. ಭೂಸ್ವಾಧೀನದ ಕಡತದಲ್ಲಿ ಯಾರ ಹೆಸರಿಗೆ ಎಷ್ಟು ಜಮೀನು, ಯಾವ ಸರ್ವೆ ನಂಬರ್, ಎಷ್ಟು ಪರಿಹಾರ ಎಂದು ಇರುತ್ತದೆ. ಅದು ಆ ದಿನದ ಊರಿನ ಮನೆಮನೆಯ ಪಟ್ಟಿ ಇದ್ದ ಹಾಗೆ. ಅಣೆಕಟ್ಟಿಗಿಂತ ಹಿಂದಿನ ಸರ್ವೆ ಆಫ್ ಇಂಡಿಯಾ ನಕ್ಷೆಯಲ್ಲಿ ಊರು, ಹಳ್ಳ, ಕಾಲುದಾರಿ ಎಲ್ಲ ಇವೆ. ಪುನರ್ವಸತಿ ಕೊಟ್ಟ ಊರುಗಳಲ್ಲಿ ಹಳೆಯ ನೆರೆಹೊರೆಯವರು ಈಗಲೂ ಇದ್ದಾರೆ, ಅವರಲ್ಲಿ 75 ದಾಟಿದವರಿಗೆ ಊರು ಕಣ್ಣಲ್ಲಿದೆ. ನಕ್ಷೆ ತೆಗೆದುಕೊಂಡು ಹೋಗಿ ಮುಂದೆ ಹರಡಿ. ಸುಮ್ನೆ ಕೇಳಿದರೆ ಬಾರದ ನೆನಪು ನಕ್ಷೆಯ ಮೇಲೆ ಬೆರಳಿಟ್ಟ ತಕ್ಷಣ ಬರುತ್ತದೆ.

ಬೇಸಿಗೆಯಲ್ಲಿ ನೀರು ತುಂಬ ಇಳಿದ ವರ್ಷ ಮಡೆನೂರಿನ ಹಳೆಯ ಡ್ಯಾಮ್, ಅಂದರೆ ಅದೇ ಹಿರೇಭಾಸ್ಕರ ಅಣೆಕಟ್ಟು, ನೀರಿನಿಂದ ಮೇಲೆ ಬರುತ್ತದೆ. ಅಂಥ ಒಂದು ವರ್ಷ ಅಪ್ಪನನ್ನು ಹಿನ್ನೀರಿನ ದಡಕ್ಕೆ ಕರೆದುಕೊಂಡು ಹೋಗಿದ್ದೆ. ಕೆಸರು ಬಿರುಕು ಬಿಟ್ಟಿತ್ತು, ಮರದ ಬೊಡ್ಡೆಗಳು ನಿಂತಿದ್ದವು. ಅಪ್ಪ ಒಂದು ಗುಡ್ಡದ ಸಾಲನ್ನು ನೋಡಿ, ಅದರ ನೇರಕ್ಕೆ ಕೈ ಚಾಚಿ, ‘ಮನೆ ಅಲ್ಲಿ, ಸಮಾಧಿ ಅದರ ಎಡಕ್ಕೆ, ನೇರಳೆ ಮರದ ಬುಡದಲ್ಲಿ’ ಎಂದರು. ಆ ಜಾಗವನ್ನು ಫೋನಿನಲ್ಲಿ ಗುರುತು ಹಾಕಿಕೊಂಡೆ. ಸಮಾಧಿಯ ಮೇಲಿದ್ದ ಎರಡು ಸಾಲನ್ನೂ, ಅವು ಅಪ್ಪನ ನೆನಪಿನಿಂದ ಬಂದವು ಎಂಬುದನ್ನೂ, ಅವರು ಹೇಳಿದ ತಾರೀಖನ್ನೂ ಜೊತೆಗೆ ಬರೆದಿಟ್ಟಿದ್ದೇನೆ.